ಗಾಡಿಯ ಜಾಡು: ಲಾಗ್ ಬುಕ್ಕಿನಿಂದ ಉಪಗ್ರಹದವರೆಗೆ

ಈಚೆಗೆ ನಮ್ಮವರ ಮನೆಗಳಲ್ಲಿ ಒಂದು ಪ್ರಶ್ನೆ ಮೇಲಿಂದ ಮೇಲೆ ಕೇಳಿಬರುತ್ತಿದೆ. ಹೊಸದಾಗಿ ಕಾರು ಕೊಂಡವರು, ಹೋಟೆಲಿಗೆ ಸಾಮಾನು ತರಲು ಟೆಂಪೊ ಇಟ್ಟುಕೊಂಡವರು, ಟೂರಿಸ್ಟ್ ಗಾಡಿ ಓಡಿಸುವವರು, ಮಕ್ಕಳನ್ನು ಶಾಲೆಯ ವ್ಯಾನಿನಲ್ಲಿ ಕಳುಹಿಸುವ ತಾಯಂದಿರು, ಎಲ್ಲರೂ ಕೇಳುವುದು ಇದನ್ನೇ: “ಗಾಡಿಗೆ ಜಿ.ಪಿ.ಎಸ್. ಹಾಕಿಸಬೇಕಂತೆ, ಯಾವುದು ಒಳ್ಳೆಯದು?” ಅಂಗಡಿಯವನು ತನ್ನಲ್ಲಿರುವುದೇ ಒಳ್ಳೆಯದೆನ್ನುತ್ತಾನೆ. ಈ ಉಪಕರಣ ಎಲ್ಲಿಂದ ಬಂತು, ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಆಯ್ಕೆ ತಾನಾಗಿ ಸುಲಭವಾಗುತ್ತದೆ. ಆದ್ದರಿಂದ ಅದರ ಚರಿತ್ರೆಯನ್ನು ವಾಚಕರ ಮುಂದೆ ಸಂಗ್ರಹವಾಗಿ ಇಡುತ್ತಿದ್ದೇನೆ.

ಹಳೆಯ ಲೆಕ್ಕ

ಥಾಣೆಯ ವಾಗ್ಳೆ ಎಸ್ಟೇಟ್ ನಮಗೆಲ್ಲ ಪರಿಚಿತ ಸ್ಥಳ. 1962ರ ಆಗಸ್ಟ್ 1ರಂದು ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮ ಸ್ಥಾಪನೆಯಾದಾಗ ಅದರ ಮೊದಲ ಪ್ರಾದೇಶಿಕ ಕಚೇರಿ ತೆರೆದದ್ದು ಇಲ್ಲಿಯೇ. ನಿಗಮದ ಮೊದಲ ಕೈಗಾರಿಕಾ ಪ್ರದೇಶವೆಂದು ಹೆಸರಾದದ್ದೂ ಈ ವಸಾಹತೇ. ಕಾರ್ಖಾನೆಗಳು ಬಂದಂತೆ ಲಾರಿಗಳು ಬಂದವು, ಟೆಂಪೊಗಳು ಬಂದವು. 1989ರಲ್ಲಿ ಥಾಣೆ ನಗರಪಾಲಿಕೆಯ ಬಸ್ ಸಾರಿಗೆ ಆರಂಭವಾಯಿತು. ಮುಂದೆ ವಾಗ್ಳೆ ಎಸ್ಟೇಟಿಗೆ ಬಸ್ ಡಿಪೊ ಕೂಡ ಬಂತು.

ಆ ಕಾಲದಲ್ಲಿ ಗೇಟು ದಾಟಿದ ಗಾಡಿ ಎಲ್ಲಿದೆ ಎಂಬುದು ಮಾಲೀಕನಿಗೆ ತಿಳಿಯುತ್ತಿದ್ದುದು ಮೂರು ದಾರಿಗಳಿಂದ: ಡ್ರೈವರನ ಬಾಯಿಮಾತು, ಗಾಡಿಯ ಮೀಟರು ಮತ್ತು ಲಾಗ್ ಬುಕ್. ಕೇಂದ್ರ ಸರಕಾರದ ಕಚೇರಿಗಳಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಸ್ಟಾಫ್ ಕಾರಿನ ಲಾಗ್ ಬುಕ್ಕು ಚಿರಪರಿಚಿತ. ಎಲ್ಲಿಂದ ಎಲ್ಲಿಗೆ, ಯಾವ ಕೆಲಸಕ್ಕೆ, ಹೊರಡುವಾಗ ಮೀಟರು ಎಷ್ಟು, ಮರಳಿದಾಗ ಎಷ್ಟು ಎಂದು ಬರೆದು, ಪ್ರಯಾಣ ಮಾಡಿದ ಅಧಿಕಾರಿ ಸಹಿ ಹಾಕುತ್ತಾರೆ. ಬಸ್ಸಿನಲ್ಲಿ ಕಂಡಕ್ಟರನ ವೇಬಿಲ್ಲು, ನಿಲ್ದಾಣದಲ್ಲಿ ಕಂಟ್ರೋಲರನ ಸಮಯದ ನಮೂದು ಇದೇ ಜಾತಿಯವು. ಈ ಲೆಕ್ಕಗಳಿಗೆ ಒಂದು ಕೊರತೆಯಿತ್ತು, ಒಂದು ಗುಣವೂ ಇತ್ತು. ಗಾಡಿ ಮರಳಿ ಬಂದ ಮೇಲೆ ಮಾತ್ರ ಅದು ಎಲ್ಲಿತ್ತೆಂದು ತಿಳಿಯುತ್ತಿತ್ತು, ಇದು ಕೊರತೆ. ಬರೆದದ್ದನ್ನು ಡ್ರೈವರನೂ ಓದಬಹುದಿತ್ತು, ತಪ್ಪಿದ್ದರೆ ಅಲ್ಲಿಯೇ ಹೇಳಬಹುದಿತ್ತು, ಇದು ಗುಣ. ಈ ಎರಡನೆಯ ಮಾತನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಕೊನೆಯಲ್ಲಿ ಅದು ಬೇಕಾಗುತ್ತದೆ.

ಆಕಾಶದ ಗಡಿಯಾರಗಳು

1957ರ ಅಕ್ಟೋಬರ್ 4ರಂದು ಸೋವಿಯತ್ ರಷ್ಯ ಸ್ಪುಟ್ನಿಕ್ ಎಂಬ ಮೊದಲ ಕೃತಕ ಉಪಗ್ರಹವನ್ನು ಹಾರಿಸಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ವಿಲಿಯಂ ಗೈಯರ್ ಮತ್ತು ಜಾರ್ಜ್ ವೈಫೆನ್‌ಬಾಖ್ ಎಂಬ ಇಬ್ಬರು ವಿಜ್ಞಾನಿಗಳು ಅದರ ಬೀಪ್ ಬೀಪ್ ಸದ್ದನ್ನು ಹಿಡಿದರು. ಸಮೀಪಿಸುವ ರೈಲಿನ ಸೀಟಿ ಏರುಸ್ವರದಲ್ಲಿ, ದೂರ ಸರಿಯುವಾಗ ಇಳಿಸ್ವರದಲ್ಲಿ ಕೇಳಿಸುವುದಷ್ಟೆ? ಅದೇ ತತ್ತ್ವದಿಂದ ಅವರು ಉಪಗ್ರಹದ ಕಕ್ಷೆಯನ್ನು ಲೆಕ್ಕಹಾಕಿದರು. ಆಗ ಅವರ ಹಿರಿಯರಾದ ಫ್ರಾಂಕ್ ಮೆಕ್ಲೂರ್ ಪ್ರಶ್ನೆಯನ್ನು ತಿರುಗಿಸಿ ಹಾಕಿದರು: ನಾವಿರುವ ಸ್ಥಳದಿಂದ ಉಪಗ್ರಹದ ಸ್ಥಾನ ತಿಳಿಯುವುದಾದರೆ, ಉಪಗ್ರಹದ ಸ್ಥಾನದಿಂದ ನಾವಿರುವ ಸ್ಥಳ ತಿಳಿಯಬಾರದೇಕೆ? ಹೀಗೆ ಹುಟ್ಟಿದ ಟ್ರಾನ್ಸಿಟ್ ವ್ಯವಸ್ಥೆ 1964ರಿಂದ ಅಮೆರಿಕದ ನೌಕಾಪಡೆಗೆ ದಾರಿ ತೋರಿತು. 1973ರಲ್ಲಿ ಜಿ.ಪಿ.ಎಸ್. ಯೋಜನೆ ಆರಂಭವಾಗಿ, 1978ರ ಫೆಬ್ರುವರಿಯಲ್ಲಿ ಅದರ ಮೊದಲ ಉಪಗ್ರಹ ಮೇಲೇರಿತು.

ಇದರ ತತ್ತ್ವ ಕಷ್ಟದ್ದೇನಲ್ಲ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಸಿಡಿಲು ಎಷ್ಟು ದೂರದಲ್ಲಿ ಬಿತ್ತೆಂದು ಊರಿನ ಹಿರಿಯರು ಹೇಳುತ್ತಿದ್ದುದುಂಟು. ಜಿ.ಪಿ.ಎಸ್. ಮಾಡುವುದೂ ಅದನ್ನೇ. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹ “ಈಗ ಇಷ್ಟು ಗಂಟೆ, ನಾನು ಇಲ್ಲಿದ್ದೇನೆ” ಎಂದು ರೇಡಿಯೊ ಅಲೆಯಲ್ಲಿ ಸಾರುತ್ತಿರುತ್ತದೆ. ಆ ಅಲೆ ನಮ್ಮನ್ನು ತಲುಪಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ಮೂರು ಉಪಗ್ರಹಗಳ ದೂರದಿಂದ ಸ್ಥಾನ ಗೊತ್ತಾಗಬೇಕು. ಆದರೆ ನಮ್ಮ ಕೈಯ ಉಪಕರಣದ ಗಡಿಯಾರ ಅಗ್ಗದ್ದು. ಅದರ ತಪ್ಪನ್ನು ತಿದ್ದಲು ನಾಲ್ಕನೆಯ ಉಪಗ್ರಹ ಬೇಕು.

ರೇಡಿಯೊ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುವುದರಿಂದ, ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೆ ದೂರ 300 ಮೀಟರು ತಪ್ಪುತ್ತದೆ. ಆದ್ದರಿಂದಲೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳನ್ನು ಇಟ್ಟಿರುತ್ತಾರೆ. ಐನ್‌ಸ್ಟೈನರ ಸಾಪೇಕ್ಷ ಸಿದ್ಧಾಂತದಂತೆ ಆ ಎತ್ತರದ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು ಮುಂದೆ ಓಡುತ್ತದೆ. ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಲೆಕ್ಕ ಸುಮಾರು ಹತ್ತು ಕಿ.ಮೀ. ತಪ್ಪಿ, ಥಾಣೆಯಲ್ಲಿ ನಿಂತ ಲಾರಿ ಮುಂಬ್ರಾದ ಆಚೆ ಕಂಡೀತು.

ಸೈನ್ಯದ ಸ್ವತ್ತಾಗಿದ್ದ ಈ ಸಾಧನ ಜನರ ಕೈಗೆ ಬಂದದ್ದು ಒಂದು ದುರಂತದಿಂದ. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ವಾಯುಪ್ರದೇಶಕ್ಕೆ ಹೋದ ಕೊರಿಯದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಲಾಯಿತು. 269 ಜನ ಸತ್ತರು. ಜಿ.ಪಿ.ಎಸ್. ಸಿದ್ಧವಾದ ಮೇಲೆ ನಾಗರಿಕರಿಗೂ ತೆರೆದಿರುವುದೆಂದು ಅದೇ ತಿಂಗಳು ಅಧ್ಯಕ್ಷ ರೇಗನ್ನರ ಸರಕಾರ ಪ್ರಕಟಿಸಿತು. 1995ರಲ್ಲಿ ವ್ಯವಸ್ಥೆ ಪೂರ್ಣವಾಯಿತು. ಆದರೂ ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ ಕೊಡಲಾಗುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅದು ನಿಂತಿತು. ಗಾಡಿ ಯಾವ ರಸ್ತೆಯಲ್ಲಿದೆ ಎಂದು ಧೈರ್ಯವಾಗಿ ಹೇಳಲು ಸಾಧ್ಯವಾದದ್ದು ಆ ಮೇಲೆಯೇ.

ಪೀಣ್ಯ, ಹಾಸನ, ಬ್ಯಾಲಾಳು

ಅನ್ಯರ ಗಡಿಯಾರವನ್ನೇ ಎಷ್ಟು ದಿನ ನಂಬಿರಬೇಕು ಎಂಬ ಪ್ರಶ್ನೆಗೆ ಭಾರತ ಕೊಟ್ಟ ಉತ್ತರ ‘ನಾವಿಕ್’. ಈ ಕಥೆಯ ಬಹುಭಾಗ ನಡೆದದ್ದು ಕನ್ನಡ ನಾಡಿನಲ್ಲಿ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ದೇಶದ ಮೊದಲ ಉಪಗ್ರಹ ‘ಆರ್ಯಭಟ’ ಸಿದ್ಧವಾದದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ವಸಾಹತಿನ ಶೆಡ್ಡುಗಳಲ್ಲಿ. ಅಂಥ ಶೆಡ್ಡು ಹೇಗಿರುತ್ತದೆಂದು ವಾಗ್ಳೆ ಎಸ್ಟೇಟಿನಲ್ಲಿ ದುಡಿದವರಿಗೆ ವಿವರಿಸಬೇಕಾಗಿಲ್ಲ. 1975ರ ಏಪ್ರಿಲ್ 19ರಂದು ಅದು ಸೋವಿಯತ್ ನೆಲದಿಂದ ಹಾರಿತು. 1982ರಲ್ಲಿ ಹಾಸನದಲ್ಲಿ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ ಬಂತು. 2013ರ ಮೇ ತಿಂಗಳಲ್ಲಿ ಬೆಂಗಳೂರಿನ ಹೊರಗೆ ಬ್ಯಾಲಾಳು ಗ್ರಾಮದಲ್ಲಿ ಇಸ್ರೊದ ಸಂಚಾರ ನಿರ್ದೇಶನ ಕೇಂದ್ರದ ಉದ್ಘಾಟನೆಯಾಯಿತು. ಅದೇ ವರ್ಷ ಜುಲೈ 1ರಂದು ಈ ಸಾಲಿನ ಮೊದಲ ಉಪಗ್ರಹ ಮೇಲೇರಿತು. 2016ರ ಏಪ್ರಿಲ್ 28ರಂದು ಏಳನೆಯದು ಹಾರಿದಾಗ ಇಸ್ರೊದ ಅಧ್ಯಕ್ಷರಾಗಿದ್ದವರು ಹಾಸನ ಜಿಲ್ಲೆಯ ಎ. ಎಸ್. ಕಿರಣ್ ಕುಮಾರ್. ‘ನಾವಿಕ್’ ಎಂಬ ಹೆಸರು ಬಂದದ್ದೂ ಅಂದೇ. ಭಾರತಕ್ಕೂ ಅದರ ಸುತ್ತಲಿನ ಸುಮಾರು 1,500 ಕಿ.ಮೀ. ಪ್ರದೇಶಕ್ಕೂ ಅನ್ವಯಿಸುವ ವ್ಯವಸ್ಥೆ ಇದು.

ದಾರಿ ಸುಗಮವಾಗಿರಲಿಲ್ಲ. ವಿದೇಶದಿಂದ ತಂದ ಪರಮಾಣು ಗಡಿಯಾರಗಳು ಮೊದಲ ಉಪಗ್ರಹದಲ್ಲಿ ಮೂರೂ ಕೆಟ್ಟವು; ಬೇರೆ ಕೆಲವು ಉಪಗ್ರಹಗಳಲ್ಲೂ ಕೈಕೊಟ್ಟವು. ಬದಲಿಯಾಗಿ 2017ರ ಆಗಸ್ಟಿನಲ್ಲಿ ಕಳುಹಿಸಿದ ಉಪಗ್ರಹ ರಾಕೆಟಿನ ಉಷ್ಣಕವಚ ಬೇರ್ಪಡದೆ ವ್ಯರ್ಥವಾಯಿತು. 2023ರ ಮೇ 29ರಂದು ಸ್ವದೇಶಿ ರುಬಿಡಿಯಂ ಗಡಿಯಾರ ಹೊತ್ತ ಎನ್.ವಿ.ಎಸ್.-01 ಯಶಸ್ವಿಯಾಗಿ ಏರಿತು. 2025ರ ಜನವರಿ 29ರಂದು ಹೋದ ಎನ್.ವಿ.ಎಸ್.-02 ಉಪಗ್ರಹದ ಎಂಜಿನಿನ ಕವಾಟ ತೆರೆಯದೆ ಉದ್ದೇಶಿತ ಕಕ್ಷೆ ಸೇರಲಿಲ್ಲ. ಗ್ರಾಹಕರಿಗೆ ಇದರಿಂದ ಸಿಗುವ ಪಾಠ ಇಷ್ಟು: ಒಂದೇ ಬಗೆಯ ಉಪಗ್ರಹವನ್ನು ನೆಚ್ಚುವುದಕ್ಕಿಂತ ಜಿ.ಪಿ.ಎಸ್., ನಾವಿಕ್ ಎರಡನ್ನೂ ಕೇಳಬಲ್ಲ ಉಪಕರಣ ವಾಸಿ.

ರಸ್ತೆಗೆ ಇಳಿದದ್ದು

ಉಪಗ್ರಹ ಮೇಲಿನಿಂದ ನಮ್ಮ ಗಾಡಿಯನ್ನು ನೋಡುತ್ತಿರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದಕ್ಕೆ ನಮ್ಮ ಗಾಡಿಯ ಸುದ್ದಿಯೇ ಗೊತ್ತಿಲ್ಲ. ಅದು ಸಮಯ ಸಾರುತ್ತದೆ, ಅಷ್ಟೆ. ಗಾಡಿಯಲ್ಲಿರುವ ಪೆಟ್ಟಿಗೆ ಅದನ್ನು ಕೇಳಿ ತನ್ನ ಸ್ಥಾನ ಲೆಕ್ಕಹಾಕುತ್ತದೆ. ಅನಂತರ ಒಳಗಿನ ಸಿಮ್ ಕಾರ್ಡಿನ ಮೂಲಕ ಮೊಬೈಲ್ ಕಂಪನಿಯ ಗೋಪುರಕ್ಕೆ, ಅಲ್ಲಿಂದ ಯಾವುದೋ ಸಂಸ್ಥೆಯ ಸರ್ವರಿಗೆ, ಅಲ್ಲಿಂದ ನಮ್ಮ ಫೋನಿಗೆ ಸುದ್ದಿ ಬರುತ್ತದೆ. ಅರ್ಥಾತ್ ಉಪಗ್ರಹದ ಕೆಲಸ ಪುಕ್ಕಟೆ. ಹಣ ಕೊಡುವುದು ಸುದ್ದಿ ಮುಟ್ಟಿಸುವುದಕ್ಕೆ.

ನಮ್ಮ ಸಾರಿಗೆಯಲ್ಲಿ ಇದರ ದೊಡ್ಡ ಪ್ರಯೋಗ ನಡೆದ ಊರುಗಳಲ್ಲಿ ಮೈಸೂರು ಮೊದಲಿನದು. ವಿಶ್ವಬ್ಯಾಂಕಿನ ನೆರವಿನಿಂದ ಅಲ್ಲಿಯ ನಗರ ಬಸ್ಸುಗಳಿಗೆ 2012ರಲ್ಲಿ ಈ ವ್ಯವಸ್ಥೆ ಬಂದು, ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ನಿಲ್ದಾಣದ ಫಲಕದಲ್ಲಿ ಕಾಣುವಂತಾಯಿತು. 2016ರಲ್ಲಿ ಬೆಂಗಳೂರಿನ ಬಿ.ಎಂ.ಟಿ.ಸಿ. ಅದನ್ನು ಅನುಸರಿಸಿತು.

2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ರಸ್ತೆಗಳಲ್ಲಿ ಓಡುತ್ತಲೇ ಇದ್ದ ಬಸ್ಸಿನೊಳಗೆ ಒಬ್ಬ ತರುಣಿಯ ಮೇಲೆ ನಡೆದ ಅತ್ಯಾಚಾರ ದೇಶವನ್ನು ನಡುಗಿಸಿತು. 2016ರ ನವೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 125-ಎಚ್ ಎಂಬ ನಿಯಮ ಸೇರಿ, ಸಾರ್ವಜನಿಕ ಸೇವಾ ವಾಹನಗಳಿಗೆ ಸ್ಥಾನಸೂಚಕವೂ ತುರ್ತು ಗುಂಡಿಯೂ ಬೇಕೆಂದಾಯಿತು. ಎರಡು ಬಾರಿ ಮುಂದೆ ಹೋಗಿ, 2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ವಾಹನಗಳಿಗೆ ಅದು ಕಡ್ಡಾಯವಾಯಿತು. ದ್ವಿಚಕ್ರ, ಆಟೋರಿಕ್ಷಾ, ಇ-ರಿಕ್ಷಾಗಳಿಗೆ ವಿನಾಯಿತಿಯಿದೆ. ಈ ಉಪಕರಣದ ಮಾನದಂಡಕ್ಕೆ ಎ.ಐ.ಎಸ್. 140 ಎಂದು ಹೆಸರು.

ಕೊಳ್ಳುವ ಮುನ್ನ

ಒಂದನೆಯದಾಗಿ, ಗಾಡಿ ಯಾವುದೆಂದು ನೋಡಬೇಕು. ಪರ್ಮಿಟ್ ಇರುವ ಟ್ಯಾಕ್ಸಿ, ಬಸ್ಸು, ಶಾಲಾ ವಾಹನವಾದರೆ ಎ.ಐ.ಎಸ್. 140 ಪ್ರಮಾಣಪತ್ರವುಳ್ಳದ್ದನ್ನೇ ಕೊಂಡು, ಆರ್.ಟಿ.ಒ. ದಾಖಲೆಯಲ್ಲಿ ಸೇರಿಸಿಕೊಡುವುದು ಯಾರ ಹೊಣೆಯೆಂದು ಮೊದಲೇ ಕೇಳಬೇಕು. ಸ್ವಂತ ಕಾರಿಗೆ ಆ ಕಟ್ಟುಪಾಡಿಲ್ಲ.

ಎರಡನೆಯದಾಗಿ, ವಿದ್ಯುತ್ತು ಎಲ್ಲಿಂದ ಎಂಬುದು. ಗಾಡಿಯ ಬ್ಯಾಟರಿಗೆ ತಂತಿಯಿಂದ ಜೋಡಿಸುವುದು ಭದ್ರ, ಕಣ್ಣಿಗೆ ಬೀಳದು. ಆದರೆ ತಂತಿ ಕತ್ತರಿಸಿದರೆ ಕಾರಿನ ವಾರಂಟಿಗೆ ತೊಂದರೆಯಾಗದೆಂದು ಖಚಿತಪಡಿಸಿಕೊಳ್ಳಬೇಕು. ಸ್ಟಿಯರಿಂಗಿನ ಕೆಳಗಿನ ಒ.ಬಿ.ಡಿ. ಕಿಂಡಿಗೆ ಸಿಕ್ಕಿಸುವುದು ಸುಲಭ. ಕಳ್ಳನಿಗೂ ಕೀಳಲು ಅಷ್ಟೇ ಸುಲಭ. ಅಯಸ್ಕಾಂತದಿಂದ ಅಂಟುವುದಕ್ಕೆ ಆಗಾಗ ಚಾರ್ಜು ಬೇಕು. ತಂತಿ ಕಿತ್ತರೂ ಕೆಲವು ಗಂಟೆ ನಡೆಯುವ ಒಳಬ್ಯಾಟರಿ ಇರಲೇಬೇಕು. ಬೀಗದಕೈ ಗೊಂಚಲಿಗೆ ಹಾಕುವ ಬ್ಲೂಟೂತ್ ಬಿಲ್ಲೆಗಳು ಜಿ.ಪಿ.ಎಸ್. ಅಲ್ಲ, ಹತ್ತಿರದಲ್ಲಿ ಯಾರದಾದರೂ ಫೋನ್ ಇದ್ದರೆ ಮಾತ್ರ ಅವು ಸುದ್ದಿ ಕೊಡುತ್ತವೆ.

ಮೂರನೆಯದಾಗಿ, ಸಿಮ್. ಉಪಕರಣ 2ಜಿ ಮಾತ್ರವೋ 4ಜಿಯೋ? 2ಜಿ ಪೆಟ್ಟಿಗೆಯಲ್ಲಿ ಜಿಯೊ ಸಿಮ್ ನಡೆಯದು. ಮೊದಲ ವರ್ಷದ ಚಂದಾ ಬೆಲೆಯಲ್ಲಿ ಸೇರಿದ್ದರೆ ಎರಡನೆಯ ವರ್ಷದಿಂದ ಎಷ್ಟು ಎಂಬುದನ್ನು ಲಿಖಿತವಾಗಿ ಪಡೆಯಬೇಕು. ಸರ್ವರ್ ನಡೆಸುವ ಸಂಸ್ಥೆ ಮುಚ್ಚಿದರೆ ಪೆಟ್ಟಿಗೆ ಬರಿಯ ಡಬ್ಬಿಯಾಗುತ್ತದೆ. ಆದಕಾರಣ ಅಗ್ಗದ ಬೆಲೆಗಿಂತ ಬಾಳುವ ಸಂಸ್ಥೆಯನ್ನು ನೋಡುವುದು ಲೇಸು.

ನಾಲ್ಕನೆಯದಾಗಿ, ನೆನಪಿನ ಶಕ್ತಿ. ಪುಣೆ ಎಕ್ಸ್‌ಪ್ರೆಸ್ ವೇಯ ಸುರಂಗದೊಳಗೆ ಉಪಗ್ರಹದ ದನಿ ಕೇಳಿಸದು. ಶಿರಾಡಿ ಘಾಟಿಯಲ್ಲಿ ಮೊಬೈಲ್ ಸಂಪರ್ಕ ತಪ್ಪುವುದು ಊರಿಗೆ ಹೋಗಿ ಬರುವವರಿಗೆಲ್ಲ ಅನುಭವವಿದೆ. ಸಂಪರ್ಕವಿಲ್ಲದಾಗಿನ ಜಾಡನ್ನು ಕೂಡಿಟ್ಟು ಮತ್ತೆ ಸಿಕ್ಕಾಗ ಕಳುಹಿಸುವಂಥದ್ದನ್ನೇ ಆರಿಸಬೇಕು.

ಐದನೆಯದಾಗಿ, ಫೋನಿನಿಂದಲೇ ಎಂಜಿನ್ ನಿಲ್ಲಿಸುವ ಸೌಕರ್ಯ. ಓಡುವ ಗಾಡಿಯ ಎಂಜಿನ್ ನಡುರಸ್ತೆಯಲ್ಲಿ ನಿಂತರೆ ಸಾಯುವವನು ಕಳ್ಳನೇ ಆಗಬೇಕೆಂದಿಲ್ಲ, ಹಿಂದೆ ಬರುವ ಸ್ಕೂಟರಿನವನೂ ಆಗಬಹುದು. ಗಾಡಿ ನಿಂತಿರುವಾಗ ಮಾತ್ರ ಕೆಲಸ ಮಾಡುವುದಾದರೆ ಸರಿ, ಇಲ್ಲವಾದರೆ ಬೇಡ. ಈ ಪೆಟ್ಟಿಗೆ ಕಳವನ್ನು ತಡೆಯುವುದಿಲ್ಲ, ಹುಡುಕಲು ಸಹಾಯ ಮಾಡುತ್ತದೆ. ಗಾಡಿ ಕಳವಾದರೆ ತಾನೇ ಬೆನ್ನಟ್ಟದೆ ಪೊಲೀಸರಿಗೆ ಜಾಡು ತೋರಿಸುವುದು ವಿವೇಕ.

ಡ್ರೈವರನ ಸಹಿ

ಈಗ ಹಿಂದೆ ಹೇಳಿದ ಮಾತಿಗೆ ಬರೋಣ. ಲಾಗ್ ಬುಕ್ಕನ್ನು ಡ್ರೈವರನೂ ನೋಡುತ್ತಿದ್ದ. ಈ ಹೊಸ ಲೆಕ್ಕ ಮಾಲೀಕನ ಫೋನಿನಲ್ಲಿ ಮಾತ್ರ ಇದೆ. ಗಾಡಿ ಎಲ್ಲೆಲ್ಲಿ ನಿಂತಿತೆಂದು ಅದು ಹೇಳುತ್ತದೆ. ಏಕೆ ನಿಂತಿತೆಂದು ಹೇಳುವುದಿಲ್ಲ. ಘೋಡ್‌ಬಂದರ್ ರಸ್ತೆಯಲ್ಲಿ ನಲವತ್ತು ನಿಮಿಷ ನಿಂತ ಟೆಂಪೊ ಟ್ರಾಫಿಕ್ಕಿನಲ್ಲಿ ಸಿಕ್ಕಿರಬಹುದು, ಡ್ರೈವರನಿಗೆ ಜ್ವರ ಬಂದಿರಬಹುದು. ನಕ್ಷೆಯ ಮೇಲಿನ ಚುಕ್ಕೆಯನ್ನೇ ನಂಬಿ ಸಂಬಳ ಹಿಡಿಯುವ ಮಾಲೀಕನಿಗೆ ಉಪಕರಣ ಎಷ್ಟು ನಿಖರವಾಗಿದ್ದರೂ ನ್ಯಾಯ ಸಿದ್ಧಿಸದು.

ನ್ಯಾಯಾಲಯಗಳೂ ಈ ಬಗ್ಗೆ ಯೋಚಿಸಿವೆ. 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯ ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪು ಕೊಟ್ಟ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಜಾಮೀನಿನ ಮೇಲೆ ಹೊರಗಿರುವ ಆರೋಪಿ ಸದಾ ತಾನಿರುವ ಸ್ಥಳವನ್ನು ಪೊಲೀಸರಿಗೆ ಫೋನಿನಲ್ಲಿ ತೋರಿಸುತ್ತಿರಬೇಕೆಂಬ ಶರತ್ತು ಸಲ್ಲದೆಂದು 2024ರ ಜುಲೈ 8ರಂದು ಅದೇ ನ್ಯಾಯಾಲಯ ಹೇಳಿತು. ಆ ಪೀಠದಲ್ಲಿ ಕುಳಿತಿದ್ದ ನ್ಯಾಯಮೂರ್ತಿ ಅಭಯ್ ಓಕ್ ನಮ್ಮ ಥಾಣೆಯ ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿ ಆರಂಭಿಸಿದವರು, ಮುಂದೆ ಕರ್ನಾಟಕದ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು. ಆರೋಪಿಗೇ ಅಷ್ಟು ಮರ್ಯಾದೆ ಇರುವಾಗ, ನಮ್ಮ ಉಪ್ಪು ಅಕ್ಕಿ ಹೊತ್ತು ತರುವವನಿಗೆ, ಕಾರು ತೆಗೆದುಕೊಂಡು ಹೋದ ಮಗನಿಗೆ, ಸೊಸೆಗೆ ಎಷ್ಟಿರಬೇಕು?

ಗಾಡಿಗೆ ಪೆಟ್ಟಿಗೆ ಹಾಕಿಸುವಾಗ ಅದನ್ನು ಓಡಿಸುವವರಿಗೆ ಹೇಳಿಯೇ ಹಾಕಿಸಬೇಕು. ಯಾರು ಯಾರು ನೋಡುತ್ತಾರೆ, ಎಷ್ಟು ದಿನದ ಜಾಡು ಉಳಿಯುತ್ತದೆ ಎಂದು ತಿಳಿಸಬೇಕು. ಸಾಧ್ಯವಿದ್ದರೆ ಡ್ರೈವರನ ಫೋನಿನಲ್ಲಿಯೂ ಅದೇ ನಕ್ಷೆ ಕಾಣುವಂತೆ ಮಾಡಿಸಬೇಕು. ಮಾಲೀಕ ಸುಳ್ಳು ಹೇಳಿದಾಗ ಅವನ ಪರವಾಗಿ ಸಾಕ್ಷಿ ಹೇಳುವುದೂ ಅದೇ ನಕ್ಷೆಯೇ. ಅಂಗಡಿಯಲ್ಲಿ ಬೆಲೆ ಕೇಳುವ ಮುಂಚೆ ಮನೆಯಲ್ಲಿ ಈ ಮಾತು ಮುಗಿದಿರಲಿ.