ಬಾಲಾಘಾಟಿನಿಂದ ಬಾರಾಮಹಲಿಗೆ: ಬಂಡೆಬೆಟ್ಟಗಳ ನಡುವಿನ ಹಳೆಯ ಹಾದಿ

ದಕ್ಷಿಣ ಪಿನಾಕಿನಿಯ ದಡದ ತೊರಪಲ್ಲಿ ಅಗ್ರಹಾರ ಹೊಸೂರಿಗೆ ಕೆಲವೇ ಮೈಲಿ ದೂರದಲ್ಲಿದೆ. ಹೊಸೂರಿನಿಂದ ಆಗ್ನೇಯಕ್ಕೆ ರಾಯಕೋಟೆ ಸುಮಾರು 30 ಕಿಲೋಮೀಟರ್. ರಾಯಕೋಟೆಯಿಂದ ಕೃಷ್ಣಗಿರಿ ಅದಕ್ಕಿಂತ ತುಸು ಕಡಿಮೆ. ಹೊರೆ ಹೊತ್ತು ನಡೆಯುವವರಿಗೆ ಎರಡೂ ಒಂದೊಂದು ಹಗಲಿನ ದಾರಿ, ಅದೂ ನಸುಕಿಗೇ ಹೊರಟರೆ. ಹೊಸೂರಿನ ಬಯಲು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ಕೃಷ್ಣಗಿರಿ ಪೇಟೆ ಇರುವುದು 500 ಮೀಟರಿನ ಆಸುಪಾಸಿನಲ್ಲಿ. ಘಟ್ಟದ ಮೇಲಿನ ಸೀಮೆಗೆ ಬಾಲಾಘಾಟ್ ಎಂದೂ ಕೆಳಗಿನದಕ್ಕೆ ಬಾರಾಮಹಲ್ ಎಂದೂ ಹೆಸರಾಯಿತು. ಮೈಸೂರಿನ ಬಯಲಿಗೂ ತಮಿಳು ಸೀಮೆಗೂ ನಡುವಿನ ಮೆಟ್ಟಿಲು ಇದು. ಇದನ್ನು ಯಾರು ಹತ್ತಬೇಕು, ಯಾರು ಇಳಿಯಬೇಕು ಎಂಬುದಕ್ಕಾಗಿ ನಡೆದ ಜಗಳವೇ ಈ ಸೀಮೆಯ ಇತಿಹಾಸದ ಬಹುಪಾಲು.

ಇಲ್ಲಿನ ಕಲ್ಲಿಗೆ ಸುಮಾರು 250 ಕೋಟಿ ವರ್ಷದ ವಯಸ್ಸು. ಮೇಲಿನ ಮಣ್ಣು ಸವೆದುಹೋಗಿ, ಬಿಸಿಲು ಮಳೆಗೆ ಪದರ ಪದರವಾಗಿ ಸುಲಿದು, ಬೋಳು ಗುಡ್ಡಗಳು ಬಯಲಿನಿಂದ ನೇರವಾಗಿ ಮೇಲೆದ್ದು ನಿಂತಿವೆ. ಹಾಗೆ ಸುಲಿದ ಚಪ್ಪಡಿ ಮನುಷ್ಯನಿಗೆ ಮೊದಲು ಒದಗಿದ್ದು ಸಮಾಧಿ ಕಟ್ಟಲು. ಶೂಲಗಿರಿ ಕಡೆಯ ಮಲ್ಲಚಂದ್ರದ ಗುಡ್ಡದ ಹಾಸುಬಂಡೆಯ ಮೇಲೆ ಬೃಹತ್ ಶಿಲಾಯುಗದ ಕಲ್ಮನೆಗಳು ಗುಂಪುಗುಂಪಾಗಿವೆ. ನಾಲ್ಕು ಕಡೆ ನಿಲ್ಲಿಸಿದ ಚಪ್ಪಡಿ, ಮೇಲೊಂದು ಮುಚ್ಚುಗಲ್ಲು, ಒಂದು ಬದಿಯ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಮುಂದೆ ಇದೇ ಕಲ್ಲಿನಲ್ಲಿ ವೀರಗಲ್ಲುಗಳು ನಿಂತವು. ಕೆಳಗಿನ ಧರ್ಮಪುರಿ, ಅಂದರೆ ಹಳೆಯ ತಗಡೂರು, 9ನೆಯ ಶತಮಾನದಲ್ಲಿ ನೊಳಂಬರ ಕೈಯಲ್ಲಿತ್ತು. ಅವರು ಅಲ್ಲಿ ಕನ್ನಡ ಶಾಸನಗಳನ್ನು ಕಡೆಸಿದರು.

ಕೋಟೆಗಳ ಕಾಲ ವಿಜಯನಗರದ ಕೊನೆಯ ದಿನಗಳದು. ಪೆನುಕೊಂಡೆಯನ್ನು ಮುತ್ತಿಗೆಯಿಂದ ಕಾಪಾಡಿದ ಜಗದೇವರಾಯನಿಗೆ ಬಾರಾಮಹಲು ಉಂಬಳಿಯಾಗಿ ಸಿಕ್ಕಿತು. ಅವನ ಹೆಸರು ಜಗದೇವಿ ಎಂಬ ಊರಿನಲ್ಲೂ ಅದರ ಪಕ್ಕದ ದುರ್ಗದಲ್ಲೂ ಉಳಿದಿದೆ. ಅವನ ವಂಶದವರು ಚನ್ನಪಟ್ಟಣದಿಂದಲೂ ಆಳಿದರು. ಹನ್ನೆರಡು (ಬಾರಾ) ದುರ್ಗಗಳಿದ್ದುದರಿಂದಲೇ ಬಾರಾಮಹಲ್ ಎಂಬ ಹೆಸರು ಬಂದಿತೆಂದು ವಾಡಿಕೆ. ಕೃಷ್ಣಗಿರಿ, ಜಗದೇವಿಗಢ, ಮಹಾರಾಜಗಢ, ಕಾವಲಗಢ, ಗಗನಗಢ ಎಂದು ಎಣಿಸುತ್ತಾರೆ, ಆದರೆ ಒಬ್ಬರ ಪಟ್ಟಿಗೆ ಇನ್ನೊಬ್ಬರದು ಹೊಂದುವುದಿಲ್ಲ.

ಈ ದುರ್ಗ ಕಟ್ಟಿದವರ ಜಾಣತನ ಗೋಡೆಗಿಂತ ಬೆಟ್ಟದ ಆಯ್ಕೆಯಲ್ಲಿ ಹೆಚ್ಚು ಕಾಣುತ್ತದೆ. ಮೂರು ಪಾಲು ರಕ್ಷಣೆಯನ್ನು ಬೋಳು ಬಂಡೆಯೇ ಮಾಡುತ್ತದೆ. ಹತ್ತಲು ಆಸ್ಪದವಿದ್ದ ಕಡೆ ಮಾತ್ರ ಗೋಡೆ ಎದ್ದಿದೆ. ಕಲ್ಲು ಸೀಳಲು ಉಳಿಯಿಂದ ಒಂದೇ ಸಾಲಿನಲ್ಲಿ ಕುಳಿ ತೋಡಿ ಬೆಣೆ ಬಡಿಯುತ್ತಿದ್ದರು. ಬೆಟ್ಟದ ಮೇಲೆ ನೀರು ನಿಲ್ಲದಿದ್ದರೆ ಕೋಟೆಯಿದ್ದೂ ಪ್ರಯೋಜನವಿಲ್ಲ. ಆದ್ದರಿಂದ ಬಂಡೆಯ ತಗ್ಗುಗಳಿಗೆ ಒಡ್ಡು ಕಟ್ಟಿ ಮಳೆನೀರನ್ನು ದೊಣೆಗಳಲ್ಲಿ ಹಿಡಿದರು. ರಾಯಕೋಟೆಯ ನೆತ್ತಿಯಲ್ಲಿ ಇಂಥ ದೊಣೆಗಳನ್ನು ಈಗಲೂ ನೋಡಬಹುದು.

ಹೈದರಾಲಿ 1760ರ ಸುಮಾರಿಗೆ ಬಾರಾಮಹಲನ್ನು ಮೈಸೂರಿಗೆ ಸೇರಿಸಿಕೊಂಡ. ಮೊದಲನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರು 1768ರಲ್ಲಿ ಕೃಷ್ಣಗಿರಿಯನ್ನು ಹಿಡಿದರೂ ಅದು ಅವರ ಬಳಿ ಉಳಿಯಲಿಲ್ಲ. ಮೂರನೆಯ ಯುದ್ಧದ ಹೊತ್ತಿಗೆ ಈ ಹಾದಿಯ ಬೆಲೆ ಎರಡೂ ಕಡೆಯವರಿಗೆ ಚೆನ್ನಾಗಿ ಗೊತ್ತಿತ್ತು. ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಕರ್ನಾಟಿಕ್ ಬಯಲಿನಿಂದ ದಿನಸಿ ಬರಬೇಕಾದದ್ದು ಈ ಘಟ್ಟ ಹತ್ತಿಯೇ. 1791ರ ಜುಲೈಯಲ್ಲಿ ಹೊಸೂರೂ ಅದರ ಬೆನ್ನಿಗೇ ರಾಯಕೋಟೆಯೂ ಇಂಗ್ಲಿಷರ ಕೈಸೇರಿದವು. ಅದೇ ನವೆಂಬರಿನಲ್ಲಿ ಕರ್ನಲ್ ಮ್ಯಾಕ್ಸ್‌ವೆಲ್ ರಾತ್ರಿಯಲ್ಲಿ ಕೃಷ್ಣಗಿರಿಯ ಮೇಲೆ ಬಿದ್ದ. ಪೇಟೆಯೂ ಕೆಳಕೋಟೆಯೂ ಸಿಕ್ಕವು. ಓಡಿದವರನ್ನು ಬೆನ್ನಟ್ಟಿ ಮೇಲ್ಕೋಟೆಯ ಬಾಗಿಲಿನ ತನಕ ಏರಿದ ದಂಡಿಗೆ ಅಲ್ಲಿಂದ ಮುಂದೆ ದಾರಿ ಸಿಗಲಿಲ್ಲ. ಮೇಲಿದ್ದವರು ಗುಂಡುಕಲ್ಲುಗಳನ್ನು ಉರುಳಿಸಿ ಏಣಿಗಳನ್ನು ಮುರಿದು ಹಾಕಿದರು. ಫಿರಂಗಿಯ ಕಾಲದಲ್ಲಿ ಬೆಟ್ಟದ ಕಲ್ಲೇ ಒಂದು ದಂಡನ್ನು ಹಿಮ್ಮೆಟ್ಟಿಸಿದ ಈ ರಾತ್ರಿಗೆ ಮೈಸೂರು ಯುದ್ಧಗಳ ಕಥನದಲ್ಲಿ ಸಲ್ಲಬೇಕಾದಷ್ಟು ಜಾಗ ಸಂದಿಲ್ಲ.

ಏಣಿಯಿಂದ ದಕ್ಕದ ಕೃಷ್ಣಗಿರಿ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಇಡೀ ಬಾರಾಮಹಲಿನ ಜೊತೆ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಅಲೆಕ್ಸಾಂಡರ್ ರೀಡ್ ಆಡಳಿತ ವಹಿಸಿಕೊಂಡ. ಅವನ ಕೈಕೆಳಗಿದ್ದ ಥಾಮಸ್ ಮನ್ರೋ ಊರೂರು ತಿರುಗಿ ಹೊಲ ಅಳೆಸಿದ. ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯ ಬೇರು ಇರುವುದು ಈ ಅಲೆದಾಟದಲ್ಲಿ. ಅದೇ 1792ರಲ್ಲಿ ಚಿತ್ರಕಾರ ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಈ ಸೀಮೆಯಲ್ಲಿ ಪ್ರಯಾಣ ಮಾಡಿದರು. ರಾಯಕೋಟೆ, ಜಗದೇವಿ ದುರ್ಗಗಳನ್ನು ಅವರು ಬರೆದ ಚಿತ್ರಗಳಲ್ಲಿ ನೋಡಬಹುದು.

ಘಟ್ಟದ ಮೇಲಿನ ಹೊಸೂರು ಸೀಮೆ ಮಾತ್ರ ಒಪ್ಪಂದದಲ್ಲಿ ಹೈದರನ ಮಗ ಟಿಪ್ಪುವಿಗೆ ಮರಳಿ 1799ರ ತನಕ ಅವನದಾಗಿಯೇ ಇತ್ತು. ಆ ವರ್ಷ ಜನರಲ್ ಹ್ಯಾರಿಸನ ದಂಡು ರಾಯಕೋಟೆಯ ಮೂಲಕವೇ ಮೈಸೂರಿನ ಗಡಿ ದಾಟಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಬಾಲಾಘಾಟನ್ನೂ ಕಂಪನಿ ತನಗಿಟ್ಟುಕೊಂಡು ಸೇಲಂ ಜಿಲ್ಲೆಗೆ ಕೂಡಿಸಿತು. ಬೆಂಗಳೂರಿಗೆ ಅಂಟಿಕೊಂಡಂತಿರುವ, ಕನ್ನಡ ತೆಲುಗು ಮನೆಮಾತಿನ ಎಷ್ಟೋ ಹಳ್ಳಿಗಳು ಮದ್ರಾಸಿನ ಪಾಲಾದದ್ದು ಹೀಗೆ. ಭಾಷಾವಾರು ಪ್ರಾಂತಗಳಾದ ಮೇಲೂ ಆ ಗೆರೆ ಅಳಿಸಲಿಲ್ಲ. 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗಳಾದಾಗ ಹೊಸೂರು ಅವುಗಳ ಜೊತೆಯಲ್ಲೇ ಸಾಗಿತು. ತೊರಪಲ್ಲಿಯ ಮುನಸೀಫರ ಮನೆಯಲ್ಲಿ 1878ರ ಡಿಸೆಂಬರ್ 10ರಂದು ಹುಟ್ಟಿದ ಸಿ. ರಾಜಗೋಪಾಲಾಚಾರಿ ಮೊದಲು ಹೊಸೂರಿನಲ್ಲಿ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ವಕೀಲಿಗೆ ಸೇಲಂಗೆ ಇಳಿದರು. ಗಡಿ ಎಳೆದವರ ಲೆಕ್ಕ ಏನೇ ಇರಲಿ, ಈ ಸೀಮೆಯವರ ಬದುಕು ಘಟ್ಟದ ಎರಡೂ ಕಡೆಗೆ ಹರಡಿಕೊಂಡಿತ್ತು.

ಕಾಲುನಡಿಗೆಯ ಕಾಲ ನಿಧಾನವಾಗಿ ಮುಗಿಯಿತು. ಮೊರಪ್ಪೂರಿನಿಂದ ಧರ್ಮಪುರಿಗೆ 1906ರಲ್ಲಿ ಬಂದ ಕಿರುಹಳಿಯ ರೈಲು 1913ರಲ್ಲಿ ಹೊಸೂರು ಮುಟ್ಟಿತು. 1941ರಲ್ಲಿ ಅದು ನಿಂತುಹೋಯಿತು. ಸೇಲಂ–ಬೆಂಗಳೂರು ರೈಲುದಾರಿ ರಾಯಕೋಟೆಯ ಮೇಲೆ ಹಾದದ್ದು 1960ರ ದಶಕದ ಕೊನೆಗೆ. ಹೆದ್ದಾರಿ ಶೂಲಗಿರಿಯ ಮೂಲಕ ಕೃಷ್ಣಗಿರಿಗೆ ಇಳಿಯುತ್ತದೆ, ಹಗಲೆಲ್ಲ ನಡೆಯುತ್ತಿದ್ದ ದಾರಿಯನ್ನು ಲಾರಿಗಳು ಗಂಟೆಯೊಳಗೆ ಮುಗಿಸುತ್ತವೆ. ಆ ಲಾರಿಗಳಲ್ಲಿ ಬೆಟ್ಟದ ಕಲ್ಲೂ ಇರುತ್ತದೆ. ಕೃಷ್ಣಗಿರಿ, ಬರಗೂರು ಕಡೆಯ ಬಣ್ಣದ ಕಲ್ಲಿಗೆ ಹೊರದೇಶಗಳಲ್ಲಿ ಬೇಡಿಕೆ ಬಂದ ಮೇಲೆ ಕ್ವಾರಿಗಳು ಹೆಚ್ಚಿದವು. ಸಾವಿರಾರು ವರ್ಷ ಬಿಸಿಲು ಮಳೆ ತಡೆದ ಕಲ್ಮನೆಯೊಂದು ಸಿಡಿಮದ್ದಿನ ಒಂದು ಏಟಿಗೆ ಉಳಿಯುವುದಿಲ್ಲ. ಹೀಗಾಗಿ ದುರ್ಗಗಳಿಗಿಂತ ಅವುಗಳ ಸುತ್ತಲ ಹೆಸರಿಲ್ಲದ ಗುಡ್ಡಗಳಿಗೇ ಅಪಾಯ ಹೆಚ್ಚು. ಕೃಷ್ಣಗಿರಿ ಮತ್ತು ರಾಯಕೋಟೆಯ ಕೋಟೆಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಸೈಯದ್ ಪಾಷಾ ಬೆಟ್ಟವೆಂದು ಕರೆಯುವ ಕೃಷ್ಣಗಿರಿ ದುರ್ಗದ ಮೇಲೆ ದರ್ಗಾ ಇರುವುದರಿಂದ ಅಲ್ಲಿಗೆ ಹರಕೆ ಹೊತ್ತವರೂ ಹತ್ತುತ್ತಾರೆ, ಕೋಟೆ ನೋಡುವವರೂ ಹತ್ತುತ್ತಾರೆ.