ಆಧಾರ್, ಪಾನ್ ದುರ್ಬಳಕೆ ಆಗಿದೆಯೇ? ಹೊಸ ಕಾರ್ಡ್‌ಗೂ ಮುನ್ನ ಈ ಕೆಲಸ ಮಾಡಿ

ಪಡೆಯದೇ ಇರುವ ಸಾಲದ ಕಂತು ಕಟ್ಟುವಂತೆ ಕರೆ ಬರುತ್ತದೆ. ನಿಮ್ಮ ಹೆಸರಿನಲ್ಲಿ ಯಾರೋ ಸಿಮ್ ಪಡೆದಿರುವುದು ಗೊತ್ತಾಗುತ್ತದೆ. ಇಂಥ ಸಂದರ್ಭದಲ್ಲಿ ಹಲವರು ಮೊದಲು ಹೊಸ ಕಾರ್ಡ್‌ಗೆ ಅರ್ಜಿ ಹಾಕುತ್ತಾರೆ. ಆದರೆ ಮರುಮುದ್ರಿಸಿದ ಆಧಾರ್ ಮತ್ತು ಪಾನ್ ಕಾರ್ಡ್‌ನಲ್ಲಿ ಇರುವುದು ಹಳೆಯ ಸಂಖ್ಯೆಯೇ. ವಂಚಕರ ಬಳಿ ಇರುವ ಪ್ರತಿ ಅದರಿಂದ ರದ್ದಾಗುವುದಿಲ್ಲ. ಹಾಗಾದರೆ ಮೊದಲು ಏನು ಮಾಡಬೇಕು? ಇಲ್ಲಿದೆ ಮಾಹಿತಿ.

ಮೊದಲು ದೂರು ನೀಡಿ
ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಮುಂಬೈ, ಪುಣೆಯಲ್ಲಿರುವವರು ದೂರು ಕೊಡಲು ಊರಿಗೆ ಹೋಗಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪರಾಧ ಎಲ್ಲೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದು. ಐಟಿ ಕಾಯ್ದೆಯ ಸೆಕ್ಷನ್ 66ಸಿ ಅಡಿ ಗುರುತು ಕಳವಿಗೆ 3 ವರ್ಷದವರೆಗೆ ಜೈಲು, 1 ಲಕ್ಷ ರೂ.ವರೆಗೆ ದಂಡವಿದೆ. ದೂರಿನ ಪ್ರತಿಯನ್ನು ಜೋಪಾನವಾಗಿಡಿ. ಮುಂದೆ ಬ್ಯಾಂಕ್‌ನಲ್ಲಿ, ಪಾಸ್‌ಪೋರ್ಟ್ ಕಚೇರಿಯಲ್ಲಿ ಅದು ಬೇಕಾಗುತ್ತದೆ.

ಆಧಾರ್: ಬಯೋಮೆಟ್ರಿಕ್ ಲಾಕ್ ಮಾಡಿ
2023ರಲ್ಲಿ ಬೆಂಗಳೂರು, ಮಂಗಳೂರಿನಲ್ಲಿ ಆಸ್ತಿ ನೋಂದಣಿಗೆ ಬೆರಳಚ್ಚು ಕೊಟ್ಟವರ ಖಾತೆಯಿಂದ ಹಣ ಹೋದ ದೂರುಗಳು ಬಂದಿದ್ದವು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಒಟಿಪಿ ಬೇಡ, ಬೆರಳಚ್ಚು ಸಾಕು. ಮೈಆಧಾರ್ ಪೋರ್ಟಲ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿದರೆ ಈ ದಾರಿ ಮುಚ್ಚುತ್ತದೆ. ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ವಿವರವೂ ಅಲ್ಲೇ ಸಿಗುತ್ತದೆ. ಸಹಾಯವಾಣಿ: 1947.

ಪಾನ್: ಎರಡನೆಯದಕ್ಕೆ ಅರ್ಜಿ ಬೇಡ
ಒಬ್ಬರಿಗೆ ಒಂದೇ ಪಾನ್. ಎರಡು ಇದ್ದರೆ 10,000 ರೂ. ದಂಡ ಬೀಳಬಹುದು. ಕಾರ್ಡ್ ಕಳೆದಿದ್ದರೆ ಮರುಮುದ್ರಣ ಕೋರಿ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ವಾರ್ಷಿಕ ಮಾಹಿತಿ ವಿವರ (ಎಐಎಸ್) ತೆರೆದು, ನಿಮಗೆ ಸಂಬಂಧಿಸದ ಆದಾಯ ಅಥವಾ ವಹಿವಾಟು ಇದ್ದರೆ ಅಲ್ಲೇ ಆಕ್ಷೇಪ ದಾಖಲಿಸಿ.

ನಕಲಿ ಸಾಲ, ಸಿಮ್
ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ಕ್ರೆಡಿಟ್ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನೂ ನೋಡಿ. ನಿಮ್ಮದಲ್ಲದ ಸಾಲ ಇದ್ದರೆ ಕ್ರೆಡಿಟ್ ಸಂಸ್ಥೆಗೂ ಸಾಲ ಕೊಟ್ಟ ಸಂಸ್ಥೆಗೂ ದೂರು ನೀಡಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂ. ಪರಿಹಾರಕ್ಕೆ ಆರ್‌ಬಿಐ ನಿಯಮದಲ್ಲಿ ಅವಕಾಶವಿದೆ. ನಿಮ್ಮ ಹೆಸರಿನಲ್ಲಿರುವ ಸಿಮ್‌ಗಳ ಪಟ್ಟಿ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಸಿಗುತ್ತದೆ. ನಿಮ್ಮದಲ್ಲದ ಸಂಖ್ಯೆಯ ಬಗ್ಗೆ ಅಲ್ಲೇ ವರದಿ ಮಾಡಬಹುದು.

ಪಾಸ್‌ಪೋರ್ಟ್‌ಗೆ ಮಾತ್ರ ಹೊಸ ಸಂಖ್ಯೆ
ಪಾಸ್‌ಪೋರ್ಟ್ ಕಳವಾದರೆ ಪೊಲೀಸ್ ದೂರಿನೊಂದಿಗೆ ಮರುವಿತರಣೆಗೆ ಅರ್ಜಿ ಹಾಕಬೇಕು. ಹಳೆಯದು ರದ್ದಾಗಿ, ಬೇರೆ ಸಂಖ್ಯೆಯ ಪಾಸ್‌ಪೋರ್ಟ್ ಬರುತ್ತದೆ. ಈಗ ವಾಸವಿರುವ ಊರಿನ ವಿಳಾಸದಿಂದಲೇ ಅರ್ಜಿ ಸಲ್ಲಿಸಬಹುದು.

ಇದನ್ನು ಗಮನಿಸಿ
ಆಧಾರ್ ಲಾಕ್ ಮಾಡಿದರೂ ಹಿಂದೆ ಕೊಟ್ಟ ಜೆರಾಕ್ಸ್ ಪ್ರತಿಗಳ ದುರ್ಬಳಕೆ ನಿಲ್ಲದಿರಬಹುದು. ಹಾಗಾಗಿ ಕ್ರೆಡಿಟ್ ವರದಿಯನ್ನು ಕೆಲವು ತಿಂಗಳ ನಂತರ ಮತ್ತೆ ನೋಡಿ. ಹೋಟೆಲ್, ಬಾಡಿಗೆ ಮನೆಗೆ ಆಧಾರ್ ಕೇಳಿದರೆ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.