ಬೀಸುಕಲ್ಲಿನ ಹಾಡು, ನೆನಪಿನ ಶಾಸ್ತ್ರ: ಹಲಸಂಗಿ ಸಂಗ್ರಹಗಳ ಮನೋವೈಜ್ಞಾನಿಕ ಓದು

ಪ್ರಸ್ತಾವನೆ

ಕಲಿಕೆ, ಸ್ಮರಣೆ, ಗ್ರಹಿಕೆ: ಮನೋವಿಜ್ಞಾನದ ಮೊದಲ ಪಾಠಗಳಿವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ವಿದ್ಯಾರ್ಥಿಗಳೂ ಇವನ್ನು ಪಾಶ್ಚಾತ್ಯ ಪ್ರಯೋಗಗಳ ಮೂಲಕವೇ ಓದುತ್ತಾರೆ. ಇದೇ ಸೀಮೆಯ ಹೆಣ್ಣುಮಕ್ಕಳು ಅಕ್ಷರದ ಹಂಗಿಲ್ಲದೆ ತಲೆಮಾರುಗಳಿಂದ ಕಾಪಾಡಿದ ತ್ರಿಪದಿಗಳನ್ನು ನಾವು ಜಾನಪದವೆಂದಷ್ಟೇ ಓದಿದ್ದೇವೆ. ಅವು ಸ್ಮರಣೆಯ ಅಧ್ಯಯನಕ್ಕೂ ಮೊದಲ ದರ್ಜೆಯ ಆಕರ ಎಂಬುದು ಈ ಲೇಖನದ ವಾದ.

ಒಂದೇ ಕಾಲದ ಎರಡು ಕೆಲಸ

1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ ಮರೆವನ್ನು ಅಳೆದ. ಕಲಿತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಗಂಟೆಯಲ್ಲಿ ಜಾರಿಹೋಗುತ್ತಿತ್ತು. 1932ರಲ್ಲಿ ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ ಜನಪದ ಕಥೆಯೊಂದನ್ನು ಓದಿಸಿ, ಮತ್ತೆ ಮತ್ತೆ ಹೇಳಿಸಿ, ನೆನಪೆಂದರೆ ಪ್ರತಿಸಲವೂ ಹೊಸದಾಗಿ ಕಟ್ಟುವ ಕ್ರಿಯೆ ಎಂದು ತೋರಿಸಿದ. ಇತ್ತ ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲೂ ಮನೋವಿಜ್ಞಾನ ವಿಭಾಗ 1924ರಲ್ಲೇ ಆರಂಭವಾಗಿತ್ತು, ಎಂ.ವಿ. ಗೋಪಾಲಸ್ವಾಮಿ ಅದನ್ನು ಬೆಳೆಸಿದರು.

ಅದೇ ಕಾಲಕ್ಕೆ, ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಜನರ ಬಾಯಿಂದ ಹಾಡು ಬರೆದುಕೊಳ್ಳುತ್ತಿದ್ದರು. ‘ಗರತಿಯ ಹಾಡು’ 1931ರಲ್ಲಿ, ‘ಜೀವನ ಸಂಗೀತ’ 1933ರಲ್ಲಿ, ‘ಮಲ್ಲಿಗೆ ದಂಡೆ’ 1935ರಲ್ಲಿ ಸಂಗ್ರಹಗಳಾಗಿ ಹೊರಬಂದವು.

ತ್ರಿಪದಿಯ ಕಟ್ಟು

ತ್ರಿಪದಿಯಲ್ಲಿ ಹನ್ನೊಂದು ಗಣ. ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು, ಮೂರನೆಯದಕ್ಕೆ ಮೂರು. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ಈ ಛಂದಸ್ಸು ಸಿಗುತ್ತದೆ. ಇಬ್ಬರು ಎದುರುಬದುರು ಕೂತು ಗೂಟ ಹಿಡಿದು ಜೋಳ ಬೀಸುವಾಗ, ಒಬ್ಬಾಕೆ ಕಲ್ಲಿನ ಬಾಯಿಗೆ ಹಿಡಿಕಾಳು ಹಾಕುತ್ತಿದ್ದಳು, ಹಾಡು ಕಲ್ಲಿನ ತಿರುಗಣೆಗೆ ಹೊಂದಿಕೊಂಡು ಸಾಗುತ್ತಿತ್ತು. ಎರಡನೆಯ ಸಾಲನ್ನು ಮರಳಿ ಹಾಡುವ ರೂಢಿಯಿತ್ತು. ಈ ಮರುಹಾಡಿಕೆ ಮೂರನೆಯ ಸಾಲು ನೆನಪಿಗೆ ಬರಲು ಬಿಡುವು ಕೊಡುತ್ತಿತ್ತು. ಕಲಿಯುವ ಹುಡುಗಿಗೆ ಆ ಸಾಲು ಮತ್ತೊಮ್ಮೆ ಕೇಳಿಸುತ್ತಿತ್ತು.

1956ರಲ್ಲಿ ಜಾರ್ಜ್ ಮಿಲ್ಲರ್, ಮನಸ್ಸು ಒಮ್ಮೆಗೆ ಸುಮಾರು ಏಳು ಘಟಕಗಳನ್ನು ಹಿಡಿಯಬಲ್ಲದು, ಬಿಡಿಗಳನ್ನು ಗುಂಪು ಮಾಡಿದರೆ ಹೆಚ್ಚು ಹಿಡಿಯುತ್ತದೆ ಎಂದ. ತ್ರಿಪದಿ ಹಾಗೆ ಗುಂಪು ಮಾಡಿಯೇ ಕೊಡುತ್ತದೆ. ಕಿವಿ ಅದನ್ನು ಬಿಡಿ ಶಬ್ದಗಳಾಗಿ ಕೇಳದೆ ಲಯದ ಘಟಕಗಳಾಗಿ ಗ್ರಹಿಸುತ್ತದೆ. ತವರು, ತಾಯಿ, ಅಣ್ಣ, ತೊಟ್ಟಿಲು ಎಂಬ ಪರಿಚಿತ ವಸ್ತು ಅರ್ಥದ ಆಸರೆಯಾಗುತ್ತದೆ. ಎಬ್ಬಿಂಗ್‌ಹೌಸನ ಅಕ್ಷರಗುಚ್ಛಗಳಿಗೆ ಇಲ್ಲದಿದ್ದದ್ದು ಈ ಆಸರೆಯೇ.

ಸಂದರ್ಭ ಮತ್ತು ಮರೆವು

ನೆನಪು ಮರಳಲು ಕಲಿತಾಗಿನ ಸುಳಿವುಗಳು ಬೇಕೆಂದು ಟಲ್ವಿಂಗ್ ಮತ್ತು ಥಾಮ್ಸನ್ 1973ರಲ್ಲಿ ವಾದಿಸಿದರು. ಬೀಸುವ ಹಾಡಿಗೆ ಕಲ್ಲು, ರಾಶಿ ಮಾಡುವಾಗ ಹಾಡುತ್ತಿದ್ದ ಹಂತಿ ಪದಕ್ಕೆ ಕಣದಲ್ಲಿ ಮೇಟಿ ಸುತ್ತುವ ಎತ್ತು ಅಂಥ ಸುಳಿವುಗಳಾಗಿದ್ದವು. ಹಿಟ್ಟಿನ ಗಿರಣಿ, ರಾಶಿ ಯಂತ್ರ ಬಂದ ಮೇಲೆ ಹಾಡು ಕ್ಷೀಣಿಸಿದ್ದನ್ನು ಅಭಿರುಚಿಯ ಬದಲಾವಣೆ ಎಂದಷ್ಟೇ ವಿವರಿಸಿದರೆ ಸಾಲದು. ಹಾಡನ್ನು ಹೊರತರುತ್ತಿದ್ದ ಕೆಲಸವೇ ಇಲ್ಲವಾಯಿತು.

ಉಪಸಂಹಾರ

ಈ ವಾದವನ್ನು ಇಂದಿಗೂ ಪರೀಕ್ಷಿಸಬಹುದು. ಹಿರಿಯ ಹಾಡುಗಾರ್ತಿಯರಿಂದ ಸುಮ್ಮನೆ ಕೂತಾಗ ಒಮ್ಮೆ, ಬೀಸುಕಲ್ಲಿನ ಗೂಟ ಹಿಡಿದಾಗ ಒಮ್ಮೆ ಹಾಡಿಸಿ, ಎರಡೂ ಸಲ ನೆನಪಾದ ತ್ರಿಪದಿಗಳನ್ನು ಹೋಲಿಸಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಾಲೇಜುಗಳು ಮನೋವಿಜ್ಞಾನದ ಪ್ರಾಯೋಗಿಕ ಪಾಠವನ್ನು ಇಲ್ಲಿಂದಲೇ ಆರಂಭಿಸಬೇಕು, ಅದೂ ಆ ಹಾಡುಗಾರ್ತಿಯರು ನಮ್ಮೊಡನೆ ಇರುವಾಗಲೇ.